ರಂಗೂಬಾಯಿಯ ಬಾಗಿಲ ಹಳದಿ ದೀಪ

ಪುಣೆಯ ಸದಾಶಿವ ಪೇಠೆಯಲ್ಲಿ, ಒಂದೇ ಅಂಗಳದ ಸುತ್ತ ಹಲವು ಸಂಸಾರಗಳಿದ್ದ ಆ ಹಳೆಯ ವಾಡೆಯಲ್ಲಿ ಒಂದು ಮಾತು ಓಡಾಡುತ್ತಿತ್ತು: "ರಂಗೂಬಾಯಿ ಮನ್ಯಾಗ ಹೊಗಿ ಕಂಡ್ರ ಅನ್ನ ಸೀದದ ಅನಬ್ಯಾಡ್ರಿ, ರೇಡಿಯೋ ಬೆಂದದ ಅನ್ರಿ." ಅಂಗಳದ ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತ ಹೆಂಗಸರು ಅದಕ್ಕೆ ಇನ್ನೊಂದು ಎಳೆ ಸೇರಿಸುತ್ತಿದ್ದರು: "ನಾವು ಸಾರಿಗೆ ಒಗ್ಗರಣಿ ಹಾಕ್ತೀವಿ, ಆಕಿ ವಾಯರಿಗೆ ಹಾಕ್ತಾಳ." ರಂಗೂಬಾಯಿಗೆ ಎಲ್ಲವೂ ಕೇಳುತ್ತಿತ್ತು. ನಗುತ್ತಿದ್ದಳು. ಧಾರವಾಡದ ಕಡೆಯ ಹೆಣ್ಣುಮಗಳು, ನಗುವುದರಲ್ಲಿ ಜಿಪುಣತನ ಮಾಡಿದವಳಲ್ಲ.

ಮದುವೆಯಾಗಿ ಪುಣೆಗೆ ಬಂದವಳು ಖಡಕಿ ಬಡಾವಣೆಯ ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಲಸ ಕಲಿತಳು. ಹೆಂಗಸರೆಲ್ಲ ಉದ್ದನೆಯ ಮೇಜಿನ ಮುಂದೆ ಸಾಲಾಗಿ ಕೂತು ರೇಡಿಯೋದ ಬಿಡಿಭಾಗಗಳಿಗೆ ಬೆಸುಗೆ ಹಾಕುವ ಕೆಲಸ ಅದು. ಕಾರ್ಖಾನೆ ಮುಚ್ಚಿತು, ಅದರ ಬೆನ್ನಿಗೇ ಗಂಡನೂ ತೀರಿಕೊಂಡ. ಆಕೆಯ ಕೈಯಲ್ಲಿ ಉಳಿದದ್ದು ಕರೆಂಟಿನಿಂದ ಕಾಯುವ ಒಂದು ಸೋಲ್ಡರಿಂಗ್ ಕಡ್ಡಿ, ಅದನ್ನು ಹಿಡಿಯುವ ಹದ. ವಾಡೆಯ ಮಹಡಿಯ ಒಂದೂವರೆ ಖೋಲಿಯ ಮನೆಯಲ್ಲಿ ಕಿಟಕಿಯ ಪಕ್ಕ ಮೇಜು ಹಾಕಿಕೊಂಡಳು. ಸಂಗೀತ ಕಲಿಯುವವರ ಎಲೆಕ್ಟ್ರಾನಿಕ್ ತಂಬೂರಿ, ಕ್ಲಾಸಿನ ಹುಡುಗಿಯರ ಟೇಬಲ್ ಲ್ಯಾಂಪು, ಯಾರದೋ ಮಿಕ್ಸರು ರಿಪೇರಿಗೆ ಬರುತ್ತಿದ್ದವು. ಅದರಿಂದಲೇ ಆಕೆಯ ಊಟ.

ಕೆಲಸದಲ್ಲಿ ಆಕೆಗೆ ಅಡುಗೆಮನೆಯಷ್ಟೇ ಮಡಿ. ಕಡ್ಡಿಯನ್ನು ಬರೀ ಮೇಜಿನ ಮೇಲೆ ಇಡುವಂತಿಲ್ಲ, ಸ್ಪ್ರಿಂಗಿನ ಸ್ಟ್ಯಾಂಡಿನಲ್ಲೇ ಇಡಬೇಕು. ಸ್ಟ್ಯಾಂಡಿನ ಕೆಳಗೆ ಒಂದು ಕಡಪಾ ಕಲ್ಲು. ಪಕ್ಕದಲ್ಲಿ ಒದ್ದೆ ಸ್ಪಂಜು. ಹೊಗೆ ಮುಖಕ್ಕೆ ಬರದಂತೆ ಕಿಟಕಿಯತ್ತ ತಿರುಗಿಸಿಟ್ಟ ಪುಟ್ಟ ಫ್ಯಾನು. ಸೀಸ ಬೆರೆತ ಸೋಲ್ಡರು ಮುಟ್ಟಿದ ಕೈ ತೊಳೆಯದೆ ಒಂದು ಕಡಲೆಕಾಳನ್ನೂ ಬಾಯಿಗೆ ಹಾಕಿದವಳಲ್ಲ. ಕೆಲಸ ಮುಗಿದ ಮೇಲೆ ಕಡ್ಡಿಯ ತುದಿಯನ್ನು ಒರೆಸಿ, ಅದಕ್ಕೆ ಹೊಸ ಸೋಲ್ಡರು ಸವರಿ, ಆಮೇಲೆ ಆರಿಸುತ್ತಿದ್ದಳು. "ಕೂಸಿಗೆ ಎಣ್ಣಿ ಹಚ್ಚಿ ಮಲಗಿಸಿದಂಗ ನೋಡವಾ. ಬರೇ ಮೈಲೆ ಮಲಗಿಸಿದ್ರ ತುದಿ ಕರ್ರಗಾಗಿ ನಾಳೆ ಕೆಲಸಕ್ಕ ಏಳಂಗಿಲ್ಲ" ಎಂದು ಪಕ್ಕದ ಮನೆಯ ಗೌರಾಬಾಯಿಗೆ ಹೇಳುತ್ತಿದ್ದಳು.

ಅಷ್ಟು ಮಡಿಯವಳ ಕೈ ತಪ್ಪಿದ್ದು ಹಬ್ಬದ ದಿನವೇ.

ಅವತ್ತು ಖಂಡೇನವಮಿ. ದುಡಿಯುವ ಹತಾರಗಳನ್ನೆಲ್ಲ ತೊಳೆದು, ಮಣೆಯ ಮೇಲಿಟ್ಟು ಪೂಜಿಸುವ ದಿನ. ರಂಗೂಬಾಯಿ ಬೆಳಿಗ್ಗೆ ಒಂದು ತಂಬೂರಿಯ ಕೆಲಸ ಮುಗಿಸುತ್ತಿದ್ದಾಗ ಕರೆಂಟು ಹೋಯಿತು. ಕಾದು ಕಾದು, ಬರಲಿಲ್ಲವೆಂದು ಎದ್ದು ಸ್ನಾನ ಮಾಡಿದಳು. ತಣ್ಣಗಾಗಿದ್ದ ಕಡ್ಡಿಯನ್ನು ಒರೆಸಿ ಮಣೆಯ ಮೇಲೆ ಮಲಗಿಸಿದಳು, ಅರಿಶಿನದ ದಾರ ಸುತ್ತಿದಳು, ಚೆಂಡುಹೂವು ಏರಿಸಿದಳು. ಅದರ ವಾಯರಿನ ಪಿನ್ನು ಮಾತ್ರ ಗೋಡೆಯ ಬೋರ್ಡಿನಲ್ಲೇ ಇತ್ತು, ಸ್ವಿಚ್ಚು ಹಾಕಿದಂತೆಯೇ ಇತ್ತು. ಕರೆಂಟೇ ಇಲ್ಲದಾಗ ಪಿನ್ನಿನ ನೆನಪು ಯಾರಿಗೆ ಬರುತ್ತದೆ? ಕೈಮುಗಿದು, ಆರತಿಗೆಂದು ಗೌರಾಬಾಯಿಯ ಮನೆಗೆ ಹೋದಳು.

ಆರತಿಯ ನಡುವೆ ಕರೆಂಟು ಬಂತು. ಮಕ್ಕಳು ಹೋ ಎಂದರು. ಸ್ವಲ್ಪ ಹೊತ್ತಿಗೆ ಹೂವು ಸುಡುವ ವಾಸನೆ. ಅಂಗಳದ ಎದುರು ಬದಿ ಕೆಳಗಿನ ಮನೆಯ ಮಧುಕರರಾಯರು, ಬೆಳಗಾವಿಯವರು, ವಾಡೆಗೆಲ್ಲ ಹಿರಿಯರು, ಮೊಣಕಾಲು ನೋವು ಮರೆತು ಮರದ ಮೆಟ್ಟಿಲು ಹತ್ತಿ ಓಡಿದರು, ಪಿನ್ನು ಕಿತ್ತರು. ಮಣೆಯ ಮೇಲೆ ಬೆರಳುದ್ದದ ಕರೀ ಗೆರೆ ಬಿದ್ದಿತ್ತು, ದಾರ ಬೂದಿಯಾಗಿತ್ತು. ಅಷ್ಟೇ ಆದದ್ದು. ಆದರೆ ವಾಡೆಯ ತೊಲೆ, ಜಂತಿ, ಕಟಕಟೆ ಎಲ್ಲ ಒಣಗಿದ ಸಾಗವಾನಿ. ಇನ್ನಷ್ಟು ಹೊತ್ತಾಗಿದ್ದರೆ ಏನಾಗುತ್ತಿತ್ತು ಎಂಬುದು ಅಂಗಳದಲ್ಲಿ ನಿಂತವರ ಮುಖದಲ್ಲೇ ಇತ್ತು.

"ರಂಗೂಬಾಯಿ, ಬಸ್ ಝಾಲಂ, ಇನ್ನ ಸಾಕು," ಎಂದರು ರಾಯರು. "ನಿಮ್ಮ ಕೈ ಭಾಳ ಚಲೋ ಅದ, ನಾ ಇಲ್ಲ ಅನ್ನಂಗಿಲ್ಲ. ಆದ್ರ ಈ ಕೆಲಸ ಈ ವಾಡೇದಾಗ ಬ್ಯಾಡ್ರಿ. ದೀಪಾವಳಿ ಒಳಗ ಹೊರಗೆಲ್ಲರೆ ಜಾಗಾ ನೋಡ್ರಿ."

ರಂಗೂಬಾಯಿ ಕರೆಂಟಿನವರನ್ನು ಬೈಯಲಿಲ್ಲ. "ಪಿನ್ನು ಕೀಳಬೇಕಿತ್ರಿ. ಕಿತ್ತಿಲ್ಲ. ತಪ್ಪು ನಂದ," ಎಂದಳು. ಹೊರಗೆ ಜಾಗ ಹಿಡಿಯುವ ಶಕ್ತಿ ತನಗಿಲ್ಲವೆಂದು ಆಕೆಗೂ ಗೊತ್ತು, ಅಲ್ಲಿದ್ದವರಿಗೂ ಗೊತ್ತು. ಕಡ್ಡಿ ನಿಂತರೆ ಒಲೆ ನಿಂತಂತೆ.

ಮರುದಿನ ದಸರಾ. ಬನ್ನಿ ಕೊಡಲು ಬಂದ ಗೌರಾಬಾಯಿ, ಸುಮ್ಮನೆ ಕೂತವಳ ಪಕ್ಕ ತಾನೂ ಕೂತಳು.

"ಅಕ್ಕಾ, ಖರೇ ಹೇಳಲ್ಯಾ? ಒಲಿಗೆ ನಾವು ಅಂಜಂಗಿಲ್ಲ. ಉರಿ ಕಾಣತದ. ನಿನ್ನ ಕಡ್ಡಿ ಕಾದಾಗೂ ಹಂಗ, ಆರಿದಾಗೂ ಹಂಗ. ಅದ್ಯಾವಾಗ ಜೀವಂತ ಇರತದ ಯಾರಿಗೂ ತಿಳಿಯಂಗಿಲ್ಲ. ಅದಕ್ಕ ಅಂಜಿಕಿ."

ರಂಗೂಬಾಯಿ ಬನ್ನಿ ಎಲೆಯನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. ಆಮೇಲೆ ಎದ್ದು, ಮಂಚದ ಕೆಳಗಿನ ಹಳೇ ಬಲ್ಬು, ಸ್ವಿಚ್ಚು, ವಾಯರುಗಳ ಡಬ್ಬಿ ಎಳೆದಳು.

ರಾಯರ ಅಪ್ಪಣೆ ಕೇಳಿ ಒಂದೇ ಒಂದು ಸಲ ಕಡ್ಡಿ ಕಾಯಿಸಿದಳು. ಆ ಹೊತ್ತು ಮುಗಿಯುವ ತನಕ ಗೌರಾಬಾಯಿ ಬಕೆಟ್ಟಿನಲ್ಲಿ ಮರಳು ತುಂಬಿಕೊಂಡು ಬಾಗಿಲಲ್ಲಿ ಕಾವಲು ನಿಂತಿದ್ದಳು. ಕೆಲಸ ಮುಗಿದಾಗ ಬಾಗಿಲ ಹೊರಗೆ, ಅಂಗಳಕ್ಕೆಲ್ಲ ಕಾಣುವಂತೆ, ಒಂದು ಹಳದಿ ಬಲ್ಬು ತೂಗುತ್ತಿತ್ತು. ಕಡ್ಡಿಗೆ ಕರೆಂಟು ಹರಿದರೆ ಅದೂ ಉರಿಯಬೇಕು, ನಿಂತರೆ ಆರಬೇಕು. ಒಳಗೆ ಮೇಜಿನ ಮೇಲೆ ಒಂದು ಒತ್ತುಗುಂಡಿ. ಕರೆಂಟು ಒಮ್ಮೆ ಹೋಯಿತೋ, ಮತ್ತೆ ಬಂದರೂ ಕಡ್ಡಿ ತಾನಾಗಿ ಕಾಯದು. ಮನುಷ್ಯರು ಬಂದು ಗುಂಡಿ ಒತ್ತಲೇಬೇಕು.

"ಪರೀಕ್ಷಾ ನೀವ ಮಾಡ್ರಿ," ಎಂದಳು ರಾಯರಿಗೆ.

ಅಂಗಳದಲ್ಲಿ ಎಲ್ಲರೂ ಕತ್ತೆತ್ತಿ ನಿಂತರು. ಮೇಲೆ ಬಲ್ಬು ಹೊಳೆಯುತ್ತಿತ್ತು. ರಾಯರು ಆಕೆಯ ಮನೆಯ ಮೀಟರಿನ ಸ್ವಿಚ್ಚು ಕೆಳಗೆ ಎಳೆದರು. ಬಲ್ಬು ಆರಿತು. ಮೇಲೆ ಎತ್ತಿದರು. ರಂಗೂಬಾಯಿಯ ಮನೆಯೊಳಗೆ ಫ್ಯಾನು ತಿರುಗಿತು, ಹಳದಿ ಬಲ್ಬು ಸುಮ್ಮನಿತ್ತು. ನಂಬಿಕೆ ಬರದೆ ಇನ್ನೊಮ್ಮೆ ಎಳೆದು ಎತ್ತಿದರು. ಬಲ್ಬು ಸುಮ್ಮನೆಯೇ ಇತ್ತು.

"ರಾಯರ, ಸಾಕ್ರಿ, ನನ್ನ ಸೀರಿಯಲ್ಲು ಹೋಗತದ," ಎಂದು ಗೌರಾಬಾಯಿ ಕೂಗಿದಳು. ಆಕೆಯ ಮನೆಯ ಮೀಟರೇ ಬೇರೆ. ಎಲ್ಲರೂ ನಕ್ಕರು.

ರಾಯರು ನಗಲಿಲ್ಲ. "ಆ ಬಲ್ಬು ಒಂದ ಗೇಣು ಎಡಕ್ಕ ಸರಸ್ರಿ. ನನ್ನ ಕಿಟಕಿಗೆ ಕಂಬ ಅಡ್ಡ ಬರತದ," ಎಂದರು. ರಂಗೂಬಾಯಿ ಸೆರಗಿನಿಂದ ಮುಖ ಒರೆಸಿಕೊಂಡಳು. ಕೆಲಸ ಉಳಿಯಿತೆಂದು ತಿಳಿಯಲು ಆಕೆಗೆ ಬೇರೆ ಮಾತು ಬೇಕಾಗಲಿಲ್ಲ.

ಅಲ್ಲಿಂದ ವಾಡೆಗೆ ಹೊಸ ರೂಢಿ ಬಂತು. ರಂಗೂಬಾಯಿ ಚೀಲ ಹಿಡಿದು ಮಂಡಯಿಯ ತರಕಾರಿ ಪೇಟೆಗೆ ಹೊರಟರೆ ರಾಯರು ಕಿಟಕಿಯಿಂದಲೇ ಮೇಲೆ ನೋಡಿ ಹೇಳುವರು, "ಆರೇದ, ಹೋಗ್ರಿ." ಮರೆತು ಹೊರಟಿದ್ದರೆ, "ಉರಿಲಿಕ್ಕತ್ತದ, ಹಿಂದಕ್ಕ ನಡೀರಿ." ಮುಂದಿನ ಖಂಡೇನವಮಿಗೆ ಆಕೆ ಪಿನ್ನು ಕಿತ್ತು, ಅದನ್ನೇ ಮಣೆಯ ಮುಂದೆ ಎಲ್ಲರಿಗೂ ಕಾಣುವಂತೆ ಇಟ್ಟು, ಮೊದಲ ಕುಂಕುಮ ಅದಕ್ಕೇ ಹಚ್ಚಿದಳು. ನೋಡಿದ ಗೌರಾಬಾಯಿ ತನ್ನ ಮಿಕ್ಸರಿಗೂ ಹಾಗೇ ಮಾಡಿದಳು. ಕ್ರಮೇಣ ವಾಡೆಯ ಮಣೆಗಳ ಮೇಲೆಲ್ಲ ಪಿನ್ನುಗಳು ಮುಂದೆ, ಯಂತ್ರಗಳು ಹಿಂದೆ. ಮೊದಲು ಹೊಗೆಗೆ ಮೂಗು ಮುಚ್ಚುತ್ತಿದ್ದ ಹೆಂಗಸರು ಮಧ್ಯಾಹ್ನ ಬಂದು ಕಡ್ಡಿ ಹಿಡಿಯಲು ಕಲಿತರು. ರಾಯರ ಸೊಸೆ ಮಂಜರಿಯ ಕೈಯಂತೂ ರಂಗೂಬಾಯಿಯ ಕೈಯಷ್ಟೇ ಹದಕ್ಕೆ ಬಂತು.

ಕಡೆಗೆ ವಾಡೆ ಕೆಡವಿ ಹೊಸ ಕಟ್ಟಡ ಏಳಿಸುವುದೆಂದು ನಿಶ್ಚಯವಾಯಿತು. ಹೊಸ ಮನೆ ಕೈಗೆ ಬರುವತನಕ ಎಲ್ಲರೂ ಒಂದೊಂದು ಕಡೆ. ಮಂಜರಿ ಖಡಕಿಯಲ್ಲಿ ರಂಗೂಬಾಯಿಗಾಗಿ ರಸ್ತೆಗೇ ಬಾಗಿಲು ತೆರೆಯುವ ಒಂದು ಅಂಗಡಿ ಹುಡುಕಿದಳು. ಹಿಂದೆ ಖೋಲಿ, ಮುಂದೆ ಉದ್ದನೆಯ ಮೇಜು. ನಾಲ್ಕಾರು ಹೆಂಗಸರು ಸಾಲಾಗಿ ಕೂರಬಹುದು.

ಹೊರಡುವ ದಿನ ಸಾಮಾನೆಲ್ಲ ಟೆಂಪೋದಲ್ಲಿ ಮುಂದೆ ಹೋಗಿತ್ತು. ರಂಗೂಬಾಯಿ ಕೊನೆಯದಾಗಿ ಕಡ್ಡಿಯ ತುದಿಗೆ ಸೋಲ್ಡರು ಸವರಿದಳು, ಪಿನ್ನು ಕಿತ್ತಳು, ಆರುವ ತನಕ ಕಡಪಾ ಕಲ್ಲಿನ ಮುಂದೆ ಕೂತಳು. ಆಮೇಲೆ ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿದಳು. ಕರೀ ಗೆರೆಯ ಮಣೆಯನ್ನು ಕಂಕುಳಲ್ಲಿ ಇಟ್ಟುಕೊಂಡಳು. ಬಲ್ಬನ್ನು ಮಾತ್ರ ಬಿಚ್ಚಲಿಲ್ಲ, ಅದನ್ನು ರಾಯರು ತಾವೇ ಬಿಚ್ಚಿ ತರುವುದಾಗಿ ಹೇಳಿದ್ದರು.

ಬಾಗಿಲು ಎಳೆದುಕೊಂಡು, ಮರದ ಮೆಟ್ಟಿಲು ಇಳಿದು, ಅಂಗಳ ದಾಟಿದಳು. ಹೆಬ್ಬಾಗಿಲೊಳಗಿನ ಪುಟ್ಟ ದಿಂಡಿಬಾಗಿಲ ಹತ್ತಿರ ರೂಢಿಯಂತೆ ಕಾಲು ತಡೆಯಿತು. ಹಿಂದಿನಿಂದ ಕಿಟಕಿ ತೆರೆದ ಸದ್ದು.

"ಆರೇದ, ಹೋಗ್ರಿ."

ರಂಗೂಬಾಯಿ ಹಿಂತಿರುಗಿ ನೋಡದೆ ಹೊರಗೆ ಹೆಜ್ಜೆ ಇಟ್ಟು, ಖಡಕಿಗೆ ಹೋಗಲು ರಿಕ್ಷಾಕ್ಕೆ ಕೈ ಮಾಡಿದಳು.