ಅಂಬಾಬಾಯಿಯ ಐವತ್ತನೆಯ ಪ್ರಶ್ನೆ

ಸೂರತ್ ಬಳಿಯ ಉಧ್ನಾ ರೈಲ್ವೆ ಕ್ವಾರ್ಟರ್ಸಿನಲ್ಲಿ ಗುಮಾಸ್ತ ಪ್ರಾಣೇಶರಾಯರಿಗೆ ಗೊತ್ತಿಲ್ಲದ ವಿಷಯವೇ ಇರಲಿಲ್ಲ. ಯಾರು ಏನೇ ಕೇಳಲಿ, "ಮುಂದಿನ ರವಿವಾರ ಹೇಳ್ತೀನಿ" ಎನ್ನುತ್ತಿದ್ದರು. ಆ ಪ್ರಶ್ನೆಯನ್ನು ಹೆಂಡತಿ ಅಂಬಾಬಾಯಿಯ ಹೆಸರಿನಲ್ಲಿ ಕಾರ್ಡಿಗಿಳಿಸಿ ರೇಡಿಯೊದ ಶನಿವಾರದ ಪ್ರಶ್ನೋತ್ತರ ಕಾರ್ಯಕ್ರಮಕ್ಕೆ ಕಳಿಸಿ, ಆ ದಿನ ಬಾಗಿಲು ಮುಚ್ಚಿಕೊಂಡು ಉತ್ತರ ಕೇಳುತ್ತಿದ್ದರು. ಇಡೀ ಸಾಲಿನಲ್ಲಿ ರೇಡಿಯೊ ಇದ್ದದ್ದು ಅವರಲ್ಲಿ ಮಾತ್ರ.

೧೯೬೬ರಲ್ಲಿ ಎದುರುಮನೆಯ ದೇಸಾಯಿಯೂ ಒಂದನ್ನು ಕೊಂಡ. ಮೊದಲ ಶನಿವಾರವೇ ಎಲ್ಲರನ್ನೂ ಕರೆದು ಕೂರಿಸಿದ. ರಾಯರೂ ಹೆಂಡತಿಯೊಡನೆ ಹೋಗಲೇಬೇಕಾಯಿತು.

"ಉಧ್ನಾದ ಅಂಬಾಬಾಯಿಯವರ ಐವತ್ತನೆಯ ಪ್ರಶ್ನೆ: ಒಂಟೆ ನೀರಿಲ್ಲದೆ ಎಷ್ಟು ದಿನ ಬದುಕುತ್ತದೆ?" ಎಂದಿತು ರೇಡಿಯೊ. "ಪಾಪ, ಇವರ ಮನೆಯಲ್ಲಿ ತಿಳಿದವರು ಯಾರೂ ಇದ್ದಂತಿಲ್ಲ."

ಎಲ್ಲರೂ ರಾಯರತ್ತ ತಿರುಗಿದರು. ರಾಯರು ಹೆಂಡತಿಯತ್ತ ತಿರುಗಿದರು.

"ಕೇಳದೇ ಇದ್ದ ಪ್ರಶ್ನೆಗೂ ಖರೇ ಉತ್ತರ ಕೊಡ್ತಾರ ನೋಡ್ರಿ" ಎಂದರು ಅಂಬಾಬಾಯಿ.