ಪಾಂಡೇಸರಾದ ಗಾಜಿನ ತೊಟ್ಟಿ

ಸೂರತ್ತಿನ ಪಾಂಡೇಸರಾದಲ್ಲಿ, ಸೀರೆಗೆ ಬಣ್ಣ ಹಾಕುವ ಮಿಲ್ಲೊಂದರ ಕೊಳಕು ನೀರನ್ನು ಶುದ್ಧ ಮಾಡುವುದು ನಮ್ಮ ಧಾರವಾಡದ ಮಾಮನ ಕೆಲಸ. ಗುಲಾಬಿ ನೊರೆ ಮೋಡದ ಹಾಗೆ ತೊಟ್ಟಿಯಿಂದ ತೊಟ್ಟಿಗೆ ತೇಲುತ್ತಿತ್ತು. ರಜೆಗೆ ಬಂದು ಮಾಮನ ಬೆನ್ನು ಹತ್ತಿದ್ದ ನನಗೆ ನಿಂತಲ್ಲೇ ಕನಸು ಬೀಳುವಂತಿತ್ತು. ಕೊನೆಯ ಗಾಜಿನ ತೊಟ್ಟಿಯಲ್ಲಿ, ತಿಳಿಯಾದ ನೀರಿನಲ್ಲಿ, ಒಂದು ಮೀನು. ಅದು ಬದುಕಿದ್ದರಷ್ಟೇ ಮಾಮ ನೀರನ್ನು ಹೊರಗೆ ಬಿಡುವುದು.

ಇವತ್ತು ಅದು ಅಲುಗಾಡಲಿಲ್ಲ. ಮಾಮ ಗಾಜು ತಟ್ಟಿದ, ಬೆವರು ಒರೆಸಿಕೊಂಡ. ಮಾಮನನ್ನೇ ಅಣಕಿಸಿ ಬೈಸಿಕೊಳ್ಳುವ ನಾನು ಸುಮ್ಮನಿರಬೇಕಲ್ಲ! ಗಾಜಿಗೆ ಮೂಗೊತ್ತಿ, ಮೀನಿನಂತೆ ಬಾಯಿ ತೆರೆದು ಮುಚ್ಚಿದೆ.

“ಮಂಗ್ಯಾ, ಇಲ್ಲೂ ಚಾಲೂ ಮಾಡಿದೇನು? ಬಾಯಿ ಮುಚ್ಚು!”

ಮೀನು ಮೆಲ್ಲಗೆ ತೇಲಿ ಬಂದು, ನನ್ನೆದುರು ನಿಂತು ಬಾಯಿ ತೆರೆಯಿತು. ನನಗಿಂತ ಚೆನ್ನಾಗಿಯೇ ಮಾಡಿತು.

“ತಮ್ಮಾ, ಇನ್ನೊಮ್ಮೆ ಮಾಡಪಾ,” ಎಂದ ಮಾಮ, ನೀರು ಹೊರಗೆ ಬಿಡುವ ವಾಲ್ವಿನ ಮೇಲೆ ಕೈಯಿಟ್ಟುಕೊಂಡು.