ಒಳಗಿದ್ದ ಬೆಳ್ಳಿ ಉಂಗುರ

ನಿನ್ನೆ ಮೊಮ್ಮಗಳ ಬಾಣಂತಿ ಕೋಣೆಯಲ್ಲಿ ಕೆಂಡದ ಮೇಲೆ ಅಜವಾನ, ಬೆಳ್ಳುಳ್ಳಿ ಸಿಪ್ಪೆ ಉದುರಿಸಿದರು. ಹೊಗೆ ಮೂಗಿಗೆ ಬಡಿದದ್ದೇ ತಡ, ಎದ್ದು ಅಗ್ಗಿಷ್ಟಿಕೆಯನ್ನು ದೂಡಿಬಿಟ್ಟೆ. ಮುದುಕಿಗೆ ತಲೆ ಕೆಟ್ಟಿದೆ ಎಂದರು. ಅನ್ನಲಿ. ನನಗೆ ಬಾಜೂ ಮನೆಯ ಅಕ್ಕ ನೆನಪಾಗಿದ್ದಳು...

ಬ್ರಿಟಿಷರ ಕಾಲ. ಯಮಕನಮರಡಿಯಲ್ಲಿ ನಮ್ಮಿಬ್ಬರ ಮನೆಗೆ ಒಂದೇ ಗೋಡೆ. ಅಕ್ಕ ಆರು ಹೆತ್ತಿದ್ದಳು, ಎರಡು ಉಳಿದಿದ್ದವು. "ಇನ್ನೊಂದು ಹಡದ್ರ ನೀ ಉಳ್ಯಾಂಗಿಲ್ಲ" ಎಂದಿದ್ದಳು ಸೂಲಗಿತ್ತಿ. ಪುಣೆಯ ಅಣ್ಣನ ಮನೆಗೆ ಹೋದಾಗ, ಬಸಿರು ನಿಲ್ಲಬಾರದೆಂದು ಅಲ್ಲಿನ ಡಾಕ್ಟರಬಾಯಿಯಿಂದ ಗರ್ಭಚೀಲದೊಳಗೆ ಬೆಳ್ಳಿ ಉಂಗುರ ಇಡಿಸಿಕೊಂಡು ಬಂದಳು. ಜ್ವರ ಬಂದರೆ ತಕ್ಷಣ ತೆಗೆಸಬೇಕು ಎಂದಿದ್ದರಂತೆ. ಗಂಡನಿಗೆ ತಿಳಿದರೆ ಕೊಂದೇಬಿಡುತ್ತಾನೆಂದು, ನನ್ನ ಕೊರಳ ಲಿಂಗ ಮುಟ್ಟಿಸಿ ಆಣೆ ಮಾಡಿಸಿದಳು. ಊರೆಲ್ಲ ನನ್ನನ್ನು ಬಾಯಿಬಡಕಿ ಅನ್ನುತ್ತಿತ್ತು. ಆ ಆಣೆಯನ್ನು ಮಾತ್ರ ಕಾಯ್ದೆ, ಸುಡಲಿ ನನ್ನ ಬಾಯಿ!

ಯುಗಾದಿ ಮುಂದೆ ಅವಳಿಗೆ ಚಳಿಜ್ವರ ಬಂತು. ಕಿಬ್ಬೊಟ್ಟೆ ಬಾತು ಕಲ್ಲಾಯಿತು, ಸ್ರಾವ ನಾರತೊಡಗಿತು. ಒಳಗೆ ನಂಜಾಗಿದೆ ಎಂದು ಅವಳ ಅತ್ತೆ ಹೊರಸಿನ ಕೆಳಗೆ ಕೆಂಡವಿಟ್ಟು ಅಜವಾನ ಹಾಕಿದಳು. ಕಾದ ಇಟ್ಟಿಗೆಯನ್ನು ಹೊಟ್ಟೆಗೆ ಒತ್ತಿದಳು, ಚರ್ಮ ಸುಲಿಯಿತು. ಅಕ್ಕ ಚೀರುವಾಗ ಕಾಲು ಹಿಡಿದವಳು ನಾನೇ. ಹೇಳಿಬಿಡಲೇನು ಎಂದು ಕಣ್ಣಲ್ಲೇ ಕೇಳಿದೆ. ಬೇಡವೆಂದು ತಲೆ ಅಲ್ಲಾಡಿಸಿದಳು. ಹೀಗೆ ಮೂರು ದಿನ...

ನಾಲ್ಕನೆಯ ಬೆಳಗ್ಗೆ ಅವಳು ಮಕ್ಕಳನ್ನೇ ಗುರುತಿಸಲಿಲ್ಲ. ನಾನು ಅವಳ ಗಂಡನ ಮುಂದೆ ನಿಂತು ಕೂಗಿದೆ: "ಮಾವಾರ, ಅಕ್ಕನ ಹೊಟ್ಯಾಗ ಉಂಗುರ ಐತ್ರಿ! ಬಸಿರು ನಿಲ್ಲಬಾರ್ದಂತ ಇಡಿಸ್ಯಾಳ. ಡಾಕ್ಟರ್ ಕಡೆ ಒಯ್ರಿ!"

ಅವನು ಗಾಡಿ ಹೂಡಲಿಲ್ಲ. "ನನ್ನ ವಂಶಕ್ಕ ಬೀಗ ಹಾಕ್ಸಿದೇನ, ರಂಡಿ?" ಎಂದು ಕೂದಲು ಹಿಡಿದು ಹೊರಸಿನಿಂದ ಕೆಡವಿ, ಬಾತ ಹೊಟ್ಟೆಗೇ ಒದ್ದ. ನಾನು ಒನಕೆ ತಂದು ಅವನ ಮೊಣಕಾಲಿಗೆ ಬೀಸಿದೆ. ಎಲುಬು ಮುರಿದ ಸಪ್ಪಳ ಕೇಳಿ ಹಿಗ್ಗಿದೆ, ಸುಳ್ಳೇಕೆ ಹೇಳಲಿ.

ನನ್ನ ಗಂಡನೇ ಗಾಡಿ ಹೂಡಿದ. ಘಟಪ್ರಭೆಯ ಡಾಕ್ಟರು ಉಂಗುರ ಎಳೆದಾಗ ಅದರ ಹಿಂದೆಯೇ ಕೀವು ಹರಿಯಿತು. "ಮದಲನೇ ದಿನಾನ ತಂದಿದ್ರ ಉಳೀತಿದ್ಲವ್ವಾ" ಎಂದರು. ಬೆಳಗಾಗುವುದರೊಳಗೆ ಅಕ್ಕ ತೀರಿಕೊಂಡಳು.

ಅವನೇ ಒದ್ದು ಕೊಂದ ಎಂದು ಊರು ಹೇಳಿತು. ಇಷ್ಟು ವರ್ಷ ನಾನೂ ಹಾಗೆಯೇ ಹೇಳಿದ್ದೇನೆ, ಎಲ್ಲರಿಗಿಂತ ಜೋರಾಗಿ. ಅಕ್ಕನ ಮಗಳು, ಈಗ ಅವಳೂ ಅಜ್ಜಿ, ಹಬ್ಬಕ್ಕೆ ಬಂದಾಗಲೆಲ್ಲ ನನ್ನ ಕಾಲಿಗೆ ಬೀಳುತ್ತಾಳೆ. "ನಮ್ಮವ್ವನ ಸಲುವಾಗಿ ಬಡದಾಡಿದಾಕಿ ನೀ ಒಬ್ಬಾಕೀನ ಚಿಗವ್ವಾ" ಅನ್ನುತ್ತಾಳೆ. ಆ ಮೂರು ದಿನದ ಮಾತನ್ನು ಅವಳಿಗೆ ನಾನಿನ್ನೂ ಹೇಳಿಲ್ಲ.